ಎದುರಿನಿಂದ ಬಂದ ಚೆಂಡು

ಹೋದ ತಿಂಗಳು ಹುಬ್ಬಳ್ಳಿ ಬಸ್ಸಿಗಾಗಿ ಕಲಘಟಗಿಯ ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ ಮೊಬೈಲಿನಲ್ಲಿ ರೊಮೇನಿಯಾ ದೇಶದ ಯಾರೋ ಒಬ್ಬ ಗೋಲ್‌ಕೀಪರನ ವಿವರ ಕಣ್ಣಿಗೆ ಬಿತ್ತು. ಫುಟ್‌ಬಾಲ್ ಎಂದು ಒಂದು ಸಲ ಒತ್ತಿದರೆ ಸಾಕು, ಆ ಯಂತ್ರ ನಮ್ಮನ್ನು ಎಲ್ಲೆಲ್ಲಿಗೋ ಕರೆದೊಯ್ಯುತ್ತದೆ. ಅವನು ಯಾವ ಯಾವ ಕ್ಲಬ್ಬಿನಲ್ಲಿದ್ದ, ಎಲ್ಲಿ ಎಷ್ಟು ಪಂದ್ಯ ಆಡಿದ ಎಂಬ ಪಟ್ಟಿ. ಒಂದು ಕ್ಲಬ್ಬು, ಅದರ ಎದುರಿಗೆ ಸೊನ್ನೆ. ಅಲ್ಲಿಂದ ಇನ್ನೊಂದು ಕ್ಲಬ್ಬಿಗೆ ಕೆಲವು ತಿಂಗಳ ಮಟ್ಟಿಗೆ ಕಡ ಹೋಗಿದ್ದ, ಅಲ್ಲಿ ನಾಲ್ಕೋ ಐದೋ. ಮರಳಿ ಮೊದಲಿನ ಕ್ಲಬ್ಬಿಗೆ ಬಂದ, ಮತ್ತೆ ಸೊನ್ನೆ. ಬೇರೆ ಯಾರೇ ನೋಡಿದ್ದರೂ ಪಾಪ ಎಂದು ಮುಂದೆ ಹೋಗುತ್ತಿದ್ದರು. ನಾನು ಎರಡು ಬಸ್ಸು ಬಿಟ್ಟು ಆ ಪಟ್ಟಿಯನ್ನೇ ನೋಡುತ್ತ ಕುಳಿತೆ.

ನಾನು ನಮ್ಮೂರ ಕ್ಲಬ್ಬಿನಲ್ಲಿ ಹನ್ನೊಂದು ವರ್ಷ ಎರಡನೆಯ ಗೋಲ್‌ಕೀಪರ್ ಆಗಿದ್ದೆ. ಹೊಟ್ಟೆಪಾಡಿಗೆ ತಂಬೂರು ಹಳ್ಳಿಯ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಆರಕ್ಕೆ ಮೈದಾನ, ಎಂಟಕ್ಕೆ ಸ್ನಾನ, ಒಂಬತ್ತಕ್ಕೆ ಬೈಕು. ಮದುವೆಯಾದ ಮೇಲೂ ಇದೇ ನಡೆಯಿತು. ಆಡುವುದಂತೂ ಇಲ್ಲ, ಮತ್ತೆ ದಿನಾಲು ಏಕೆ ಹೋಗುತ್ತೀರಿ ಎಂದು ಹೆಂಡತಿ ಕೇಳುತ್ತಿದ್ದಳು. ನಾನು ಸಿಟ್ಟು ಮಾಡಿಕೊಂಡು ಬೂಟಿನ ದಾರ ಕಟ್ಟುತ್ತಿದ್ದೆ.

ಎರಡನೆಯ ಗೋಲ್‌ಕೀಪರನ ಕೆಲಸ ಏನು ಎಂದು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಬಲೆ ಕಟ್ಟಬೇಕು. ಪಂದ್ಯಕ್ಕೆ ಮುಂಚೆ ಮೊದಲನೆಯವನ ಮೈ ಬಿಸಿಯಾಗಲೆಂದು ಅವನತ್ತ ಚೆಂಡು ಒದೆಯಬೇಕು. ಆಮೇಲೆ ಅವನ ಟವೆಲ್ಲು, ನೀರಿನ ಬಾಟಲಿ ಕಾಯುತ್ತ ಕೂಡಬೇಕು, ನಡುವಿನ ವಿರಾಮದಲ್ಲಿ ಲಿಂಬಿಹಣ್ಣು ಹೆಚ್ಚಿ ಕೊಡಬೇಕು. ಮುಂದೆ ಆಡುವವರಿಗೆ ದಣಿವಾದರೆ ಬದಲಿ ಆಟಗಾರ ಇಳಿಯುತ್ತಾನೆ. ಗೋಲ್‌ಕೀಪರನಿಗೆ ದಣಿವು ಎಲ್ಲಿಂದ ಬರಬೇಕು? ನಾನು ಆಡಿದ ಪಂದ್ಯಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಅದರಲ್ಲಿ ಒಂದು, ಮೊದಲನೆಯವನ ಮೈದುನನ ಮದುವೆಯ ದಿನ. ಅಂದು ನಾಲ್ಕು ಗೋಲು ಬಿಟ್ಟೆ. ಮುಂದೆ ಯಾರದೇ ಮದುವೆ ಗೊತ್ತಾದರೂ ನಮ್ಮ ಕ್ಲಬ್ಬಿನವರು ಮೊದಲು ತಾರೀಖು ಕೇಳುತ್ತಿದ್ದರು.

ಆ ರೊಮೇನಿಯಾದವನ ಹಾಗೆ ನಾನೂ ಒಮ್ಮೆ ಕಡ ಹೋಗಿದ್ದೆ. ಧಾರವಾಡದ ಒಂದು ತಂಡದ ಗೋಲ್‌ಕೀಪರನ ಮೊಣಕೈ ಮುರಿದಿತ್ತು, ನನ್ನನ್ನು ಕೇಳಿ ಪಡೆದರು. ನಾನು ಹೊಸ ಕೈಗವಸು ಕೊಂಡು, ಶಾಲೆಗೆ ರಜೆ ಬರೆದುಕೊಟ್ಟು, ಊರೆಲ್ಲ ಹೇಳಿಕೊಂಡು ಹೋದೆ. ಹೋಗಿ ನೋಡಿದರೆ ಮೊಣಕೈ ಮುರಿದಿರಲೇ ಇಲ್ಲ, ಉಳುಕಿತ್ತು. ಅದು ಮೂರು ದಿನದಲ್ಲಿ ನೆಟ್ಟಗಾಯಿತು. ಅಲ್ಲಿಯೂ ಲಿಂಬಿಹಣ್ಣು ಹೆಚ್ಚಿದೆ.

ನಮ್ಮ ಮೊದಲನೆಯ ಗೋಲ್‌ಕೀಪರ್ ನನಗಿಂತ ನಾಲ್ಕು ವರ್ಷ ದೊಡ್ಡವನು. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ, ಅವನು ನನ್ನನ್ನು ಮಾಸ್ತರ ಎನ್ನುತ್ತಿದ್ದ. ಅವರ ಮನೆತನದವರು ಮೊದಲಿನಿಂದ ತೊಟ್ಟಿಲಿನ ಮರಗೆಲಸದವರು. ಇವನು ಹುಡುಗನಾಗಿದ್ದಾಗ ಚಿತ್ರಗಾರರ ಮನೆಗೆ ಹೋಗಿ ಕುಳಿತು ಬಣ್ಣದ ಕೆಲಸ ಕಲಿತ. ಹೀಗೆ ಮರವೂ ಬಣ್ಣವೂ ಒಂದೇ ಮನೆಯಲ್ಲಿ ಆಗುತ್ತಿದ್ದುದರಿಂದ, ಮಗಳ ಬಾಣಂತನಕ್ಕೆ ತೊಟ್ಟಿಲು ಬೇಕೆಂದವರು ಹುಡುಕಿಕೊಂಡು ಬರುತ್ತಿದ್ದರು. ಬಾಲಕೃಷ್ಣ ಬೇಕೆಂದವರಿಗೆ ಬಾಲಕೃಷ್ಣ, ಗಿಳಿ ಬಳ್ಳಿ ಬೇಕೆಂದವರಿಗೆ ಗಿಳಿ ಬಳ್ಳಿ ಬರೆದುಕೊಡುತ್ತಿದ್ದ. ಅವನ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಬಣ್ಣ ಇರುತ್ತಿತ್ತು. ಗೋಲ್‌ಕೀಪರನಾಗಿ ಅವನು ನಮ್ಮ ತಾಲೂಕಿನಲ್ಲಿ ಎಲ್ಲರಿಗೂ ಗೊತ್ತಿದ್ದವನು. ಹುಬ್ಬಳ್ಳಿಯ ದೊಡ್ಡ ತಂಡದವರು ಎರಡು ಸಲ ಕರೆದಿದ್ದರು. ಹೋಗಲಿಲ್ಲ. ಹೋಗಿದ್ದರೆ ಆ ಜಾಗ ನನಗೆ ಸಿಗುತ್ತಿತ್ತು ಎಂಬುದನ್ನು ನಾನು ಬಹಳ ದಿನ ಮರೆಯಲಿಲ್ಲ.

ಮೈದಾನದ ಸುತ್ತ ನಿಂತವರೆಲ್ಲ ಚೆಂಡು ನೋಡುತ್ತಾರೆ. ಗೋಲ್‌ಕೀಪರನನ್ನು ನೋಡುವವನು ಎರಡನೆಯ ಗೋಲ್‌ಕೀಪರ್ ಒಬ್ಬನೇ. ಮೆಚ್ಚಿಕೊಂಡು ನೋಡುತ್ತಿದ್ದೆ ಎಂದರೆ ಅರ್ಧ ಸುಳ್ಳಾಗುತ್ತದೆ. ಅವನ ಬೆರಳು ಉಳುಕಲಿ, ಜ್ವರ ಬರಲಿ ಎಂದು ಕಾದದ್ದೂ ಉಂಟು. ಹಾಗೆ ಕಾಯುತ್ತ ಕಾಯುತ್ತ ಅವನು ಯಾವ ಕಾಲು ಮೊದಲು ಎತ್ತುತ್ತಾನೆ, ಯಾವಾಗ ಉಗುಳು ನುಂಗುತ್ತಾನೆ ಎಂಬುದು ಕೂಡ ನನಗೆ ಬಾಯಿಪಾಠವಾಗಿತ್ತು. ಅದಕ್ಕೇ ಅವನು ಓರೆಯಾಗಿ ನಿಲ್ಲತೊಡಗಿದ್ದು ಮೊದಲು ಕಂಡದ್ದು ನನಗೆ. ಚೆಂಡು ಎದುರಿಗೆ ಬಂದಾಗ ಮುಖವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ, ಕಡೆಗಣ್ಣಿನಿಂದ ನೋಡುತ್ತಿದ್ದ. ನಮ್ಮ ಬ್ಯಾಕ್ ಆಡುವವನೊಬ್ಬ ಅದೇನೋ ಸ್ಟೈಲ್ ಎಂದು ತಿಳಿದು ತಾನೂ ಕತ್ತು ಓರೆ ಮಾಡಿ ನಿಲ್ಲಲು ಶುರುಮಾಡಿದ.

ಇನ್ನೊಂದು ಮಾತು. ಎಡಬಲದಿಂದ ತೇಲಿ ಬರುವ ಕಷ್ಟದ ಚೆಂಡನ್ನು ಭಾಯಿ ಮೊದಲಿನ ಹಾಗೇ ಹಾರಿ ಹಿಡಿಯುತ್ತಿದ್ದ. ನೆಟ್ಟಗೆ ಎದೆಗೆ ಬರುವ, ನಮ್ಮ ಶಾಲೆಯ ಮಕ್ಕಳೂ ಹಿಡಿಯಬಹುದಾದ ಚೆಂಡು ಮಾತ್ರ ಅವನ ಕೈಯಿಂದ ಜಾರುತ್ತಿತ್ತು. ಇದು ನನ್ನ ತಲೆಗೆ ಹತ್ತಲಿಲ್ಲ. ಒಂದು ಬೆಳಿಗ್ಗೆ ಉಳಿದವರು ಚಹಕ್ಕೆ ಹೋದ ಮೇಲೆ ನಾನು ಬೇಕೆಂದೇ ಒಂದು ಚೆಂಡನ್ನು ಮೆಲ್ಲಗೆ, ಅಗದಿ ನೇರವಾಗಿ ಅವನತ್ತ ಒದ್ದೆ. ಅವನು ಕೈ ಎತ್ತುವ ಮೊದಲೇ ಅದು ಎದೆಗೆ ಬಡಿದು ಕೆಳಗೆ ಬಿತ್ತು. ಭಾಯಿ ಅದನ್ನು ಎತ್ತಿಕೊಳ್ಳಲಿಲ್ಲ. ಗೋಲಿನ ಕಂಬಕ್ಕೆ ಆತು ಕುಳಿತ. ನಾನು ಹೋಗಿ ಎದುರಿಗೆ ಕುಳಿತೆ.

"ಹಿಂಗ ಎದುರಿಗೆ ಕುಂತ್ರ ನಿನ್ನ ಮಾರಿ ಕಾಣಂಗಿಲ್ಲ ಮಾಸ್ತರ," ಅಂದ. "ಕಿವಿ ಎರಡ ಕಾಣತಾವ. ನಡುವ ಏನೂ ಇಲ್ಲ."

ಹುಬ್ಬಳ್ಳಿಯ ಕಣ್ಣಿನ ಡಾಕ್ಟರಿಗೆ ತೋರಿಸಿ ಆಗಿತ್ತಂತೆ. ಕಣ್ಣಿನೊಳಗಿನ ಪರದೆ ನಡುಭಾಗದಲ್ಲಿ ಸವೆಯುವ ರೋಗ, ಅದಕ್ಕೆ ಚಷ್ಮಾ ಇಲ್ಲ, ಆಪರೇಶನ್ ಇಲ್ಲ. ಸುತ್ತಲಿನದು ಕಾಣುತ್ತದೆ, ನೋಡಬೇಕೆಂದದ್ದು ಕಾಣುವುದಿಲ್ಲ. ನಾನು ಮಕ್ಕಳಿಗೆ ಕಣ್ಣಿನ ಚಿತ್ರ ಬರೆದು ಭಾಗ ಗುರುತಿಸಿರಿ ಎನ್ನುವವನು, ಅಂದು ಆ ಪರದೆಯ ಹೆಸರೂ ನೆನಪಾಗಲಿಲ್ಲ. ಆಟ ಬಿಡು ಎಂದು ಹೇಳಲು ಬಾಯಿ ತೆರೆದೆ. ಹಾಗೆ ಹೇಳಿದರೆ ಅವನಿಗಾಗಿ ಹೇಳಿದಂತಾಗುತ್ತದೋ ನನಗಾಗಿಯೋ ತಿಳಿಯದೆ, ಬಿದ್ದಿದ್ದ ಚೆಂಡನ್ನು ತೊಡೆಯ ಮೇಲೆ ಎಳೆದುಕೊಂಡೆ. ಅವನೇ ಮುಂದುವರಿಸಿದ. ಈ ಸುದ್ದಿ ಗೊತ್ತಿದ್ದದ್ದು ಅವನ ಹೆಂಡತಿಗೆ ಮಾತ್ರ, ಈಗ ನನಗೆ.

"ಯಾರ ಮುಂದೂ ಅನಬ್ಯಾಡ. ಕಣ್ಣ ಹೋದಂವ ಮಾಡಿದ ತೊಟ್ಟಿಲದಾಗ ಯಾರ ತಮ್ಮ ಕೂಸಿನ್ನ ಹಾಕತಾರ ಹೇಳ."

ಅದಕ್ಕೆ ನಾನು ಒಪ್ಪಿ ತಲೆಯಾಡಿಸಿದೆ. ನಮ್ಮ ಕಡೆ ಹೊಸ ತೊಟ್ಟಿಲು ಎಂದರೆ ನೂರು ಶಕುನ ನೋಡುತ್ತಾರೆ. ಒಯ್ಯುವ ವಾರ, ಹೊಸ್ತಿಲು ದಾಟಿಸುವ ಹೊತ್ತು, ಯಾರ ಕೈಯದು ಎಂಬುದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಖಾಲಿ ತೊಟ್ಟಿಲು ತೂಗಲಿಕ್ಕೆ ಬಿಡದ ಮಂದಿ ಇಂಥ ಸುದ್ದಿ ಕೇಳಿ ತೊಟ್ಟಿಲು ಒಯ್ಯುತ್ತಾರೆಯೇ? ಚಿತ್ರದಲ್ಲಿ ಕಣ್ಣು ಬರೆಯುವುದು ಎಲ್ಲಕ್ಕಿಂತ ಕಡೆಯ ಕೆಲಸ. ಅವನು ಅದನ್ನು ಹೇಗೆ ಬರೆಯುತ್ತಾನೆ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಹೇಗೋ ನಡೆಸುತ್ತಿರಬೇಕು ಎಂದುಕೊಂಡೆ.

ಅಲ್ಲಿಂದ ಒಂದೂವರೆ ವರ್ಷ ನಾನು ಮಾಡಿದ್ದನ್ನು ನೆನೆದರೆ ನನಗೇ ನಗು ಬರುತ್ತದೆ. ಬಿಳಿ ಚೆಂಡು ಕೆಂಪು ದೂಳಿನಲ್ಲಿ ಕಾಣುವುದಿಲ್ಲ ಎಂದು ವಾದಿಸಿ ಕ್ಲಬ್ಬಿಗೆ ಹಳದಿ ಚೆಂಡು ತರಿಸಿದೆ. ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡುವಾಗ ಎಡದಿಂದ, ಬಲದಿಂದ ಮಾತ್ರ ಒದೆಯುತ್ತಿದ್ದೆ, ಒಂದನ್ನೂ ನೇರ ಒದೆಯುತ್ತಿರಲಿಲ್ಲ. ನೋಡುವವರು ವಾಹ್ ಎನ್ನುತ್ತಿದ್ದರು. ಬ್ಯಾಕ್ ಆಡುವವರಿಗೆ, ನಡುವಿನ ದಾರಿ ಬಿಡಬೇಡಿ, ಬೇಕಾದರೆ ಬಾಜುಗಳು ತೆರೆದಿರಲಿ ಎಂದು ತಲೆ ತಿಂದೆ. ಮಾಸ್ತರರು ಹೊಸ ತಂತ್ರ ತಂದಿದ್ದಾರೆ ಎಂದು ಅವರು ನಂಬಿದರು. ಅದೃಷ್ಟಕ್ಕೆ ಅದು ಫಲವನ್ನೂ ಕೊಟ್ಟಿತು. ಹನ್ನೊಂದು ವರ್ಷದಲ್ಲಿ ನಾನು ತಂಡಕ್ಕೆ ಕೆಲಸಕ್ಕೆ ಬಂದದ್ದು ಆಗಲೇ, ಅದೂ ನನ್ನ ಜಾಗವನ್ನು ನನ್ನ ಕೈಯಾರೆ ಮುಚ್ಚಿಕೊಳ್ಳುವುದಕ್ಕೆ. ಕೆಲವು ದಿನ ಹೊಟ್ಟೆ ಉರಿಯುತ್ತಿತ್ತು. ವಯಸ್ಸು ಮೂವತ್ತಮೂರು ದಾಟಿತ್ತು, ಮಂಡಿ ಕಟಕಟ ಎನ್ನುತ್ತಿತ್ತು, ಇವನು ಕಾಣದ ಕಣ್ಣಿನಲ್ಲೂ ನನಗಿಂತ ಚೆನ್ನಾಗಿ ಆಡುತ್ತಿದ್ದ.

ಕುಂದಗೋಳದಲ್ಲಿ ನಡೆದ ಟೂರ್ನಮೆಂಟಿನಲ್ಲಿ ನಾವು ಸೆಮಿಫೈನಲ್ ಗೆದ್ದೆವು. ಗೆದ್ದರೂ ಕ್ರೂಸರ್ ಗಾಡಿಯಲ್ಲಿ ವಾಪಸು ಬರುವಾಗ ಯಾರೂ ಹಾಡಲಿಲ್ಲ. ಮೂರು ಗೋಲು ಮುಂದಿದ್ದೆವು. ಕಡೆಯ ಹತ್ತು ನಿಮಿಷದಲ್ಲಿ ಭಾಯಿ ಎರಡು ಬಿಟ್ಟ, ಎರಡೂ ನೇರ ಬಂದವು. ಎರಡನೆಯದು ಮುಖಕ್ಕೆ ಬಡಿದು ಒಳಗೆ ಹೋಯಿತು. ತುಟಿ ಒಡೆದು ರಕ್ತ ಸುರಿಯಿತು. ಎದುರಾಳಿಗಳ ಮುಂದಾಳು ಭಾಯಿಯ ಹೆಂಡತಿಯ ತವರೂರಿನವನು. ಅಷ್ಟು ಸಾಕಾಯಿತು. ಅವರ ಜೊತೆ ಮೊದಲೇ ಮಾತಾಡಿಕೊಂಡಿದ್ದ, ಸೋಲಿಸಲಿಕ್ಕೆ ನೋಡಿದ, ಹೊತ್ತು ಸಾಲಲಿಲ್ಲ ಎಂಬ ಮಾತು ಹಿಂದಿನ ಸೀಟಿನಲ್ಲಿ ಹುಟ್ಟಿತು. ಮರುದಿನ ಬೆಳಿಗ್ಗೆ ಅದು ಚಹದಂಗಡಿಯಲ್ಲಿತ್ತು.

ಎರಡು ದಿನ ಬಿಟ್ಟು ನಮ್ಮ ಕ್ಯಾಪ್ಟನ್ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನನ್ನ ಶಾಲೆಗೇ ಬಂದ. ಅವನು ಕರೆಂಟಿನ ಲೈನ್‌ಮನ್, ಒಳ್ಳೆಯ ಮನುಷ್ಯ, ಭಾಯಿಯ ಮೇಲೆ ಗೌರವ ಇದ್ದವನು. ಬೇವಿನ ಗಿಡದ ಕೆಳಗೆ ಬೈಕು ನಿಲ್ಲಿಸಿ, ಇಳಿಯದೆ ಕೇಳಿದ.

"ಖರೇ ಹೇಳ್ರಿ ಸರ್. ಅಂವಾ ಬೇಕಂತ ಬಿಟ್ಟಾನೇನ್ರಿ?"

"ಇಲ್ಲೋ. ಅವಂಗ ನಡುವಿಂದು ಕಾಣೂದಿಲ್ಲ," ಅಂದೆ.

ಹೇಳಿದ್ದು ಭಾಯಿಯ ಮರ್ಯಾದೆ ಉಳಿಸುವುದಕ್ಕೆ. ಕೇಳಿದವರಿಗೆಲ್ಲ ಹಾಗೇ ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ಡಾಕ್ಟರು, ಪರದೆ, ಒಂದೂವರೆ ವರ್ಷ ಎಂದು ನಾನು ಬಿಡಿಸಿ ಹೇಳುತ್ತಿದ್ದ ಹೊತ್ತಿಗೇ ನನ್ನೊಳಗೆ ಇನ್ನೊಂದು ಲೆಕ್ಕ ನಡೆದಿತ್ತು. ಫೈನಲ್ ಬರುವ ಭಾನುವಾರ. ಈಗ ಆಡುವವನು ನಾನು. ಆ ಯೋಚನೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಂತೋಷವಾಯಿತೆಂದು ನನ್ನ ಮೇಲೆ ನನಗೆ ಹೇಸಿಗೆಯೂ ಬಂತು. ಕಡೆಗೆ, ನನ್ನ ಹೆಸರು ಎಲ್ಲಿಯೂ ಬರಬಾರದು ಎಂದು ಕ್ಯಾಪ್ಟನ್ನಿನಿಂದ ಮಾತು ತೆಗೆದುಕೊಂಡೆ. ನಾನು ಮಾಡಿದ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ತೋರಿಸುತ್ತೇನೆ. ಉಳಿದದ್ದನ್ನು ಹೇಗಾದರೂ ಸಮರ್ಥಿಸಿಕೊಳ್ಳಬಹುದು.

ಕ್ಯಾಪ್ಟನ್ ಮಾತಿಗೆ ತಪ್ಪಲಿಲ್ಲ. ಅಂದೇ ಸಂಜೆ ಭಾಯಿಯ ಮನೆಗೆ ಹೋಗಿ, ನಿಮ್ಮ ಕಣ್ಣಿನ ವಿಷಯ ಗೊತ್ತಾಯಿತು, ಇನ್ನು ಆಡಿ ದಣಿಯಬೇಡಿ ಎಂದು ಮೃದುವಾಗಿಯೇ ಹೇಳಿದನಂತೆ. ಯಾರು ಹೇಳಿದರು ಎಂದು ಭಾಯಿ ಕೇಳಿದಾಗ ಸುಮ್ಮನೆ ಎದ್ದು ಬಂದನಂತೆ. ತಂಡದವರಿಗೂ ತಿಳಿಸಿದ. ಚಹದಂಗಡಿಯ ಮಾತು ಅಲ್ಲಿಗೇ ನಿಂತಿತು. ಹಿಂದಿನ ಸೀಟಿನಲ್ಲಿ ಮಾತು ಹುಟ್ಟಿಸಿದವರು ಮುಖ ಸಣ್ಣದು ಮಾಡಿಕೊಂಡು ತಿರುಗಾಡಿದರು.

ಫೈನಲ್ ಆಡಿದೆ. ಗೆದ್ದೆವು, ಒಂದು ಸೊನ್ನೆಯಿಂದ. ನನ್ನತ್ತ ಬಂದ ಚೆಂಡು ಬಹಳ ಕಡಿಮೆ. ಒಂದನ್ನು ಹಿಡಿದೆ, ಒಂದನ್ನು ಕಂಬ ಹಿಡಿಯಿತು. ಫೋಟೋದಲ್ಲಿ ನನ್ನನ್ನು ನಡುವೆ ನಿಲ್ಲಿಸಿ ಗೆದ್ದ ಕಪ್ ಕೈಗೆ ಕೊಟ್ಟರು. ಹನ್ನೊಂದು ವರ್ಷ ಕಾದದ್ದಕ್ಕೆ ಇಷ್ಟೇನಾ ಅನ್ನಿಸಿತು. ಲಿಂಬಿಹಣ್ಣು ಹೆಚ್ಚಿಕೊಡುವವರು ಯಾರೂ ಇಲ್ಲದೆ ವಿರಾಮದಲ್ಲಿ ಎಲ್ಲರೂ ಬರೀ ನೀರು ಕುಡಿದರು. ಭಾಯಿ ಬಂದಿರಲಿಲ್ಲ.

ನಾಲ್ಕು ದಿನ ಹೋಗಲೋ ಬೇಡವೋ ಎಂದು ಕಳೆದು, ಐದನೆಯ ದಿನ ಶಾಲೆ ಬಿಟ್ಟ ಮೇಲೆ ಅವನ ಮನೆಗೆ ಹೋದೆ. ನಾನೇ ಹೇಳಿದ್ದು ಎಂದು ಒಪ್ಪಿಕೊಳ್ಳಬೇಕೆಂದೇ ಹೋಗಿದ್ದೆ. ಭಾಯಿ ದೇವಿಕೊಪ್ಪಕ್ಕೆ ಮರ ನೋಡಲು ಹೋಗಿದ್ದ. ಅವನ ಹೆಂಡತಿ, ನಾನು ಭಾಭಿ ಎನ್ನುವವರು, ಒಬ್ಬರೇ ಪಡಸಾಲೆಯ ಬೆಳಕಿನಲ್ಲಿ ತೊಟ್ಟಿಲಿನ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಕೈಯಲ್ಲಿ ಸಣ್ಣ ಕುಂಚ. ಬಾಲಕೃಷ್ಣನ ಒಂದು ಕಣ್ಣು ಮುಗಿದಿತ್ತು, ಇನ್ನೊಂದು ಅರ್ಧ ಆಗಿತ್ತು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನೋಡುತ್ತ ನಿಂತೆ.

ಅವರು ಹಲಗೆ ಮರೆಮಾಡಲಿಲ್ಲ. ಅರ್ಧ ಕಣ್ಣು ಪೂರ್ತಿ ಮಾಡಿಯೇ ತಲೆ ಎತ್ತಿದರು. ತೊಟ್ಟಿಲು ಹೇಳಿಟ್ಟವರು ಯಾರಾದರೂ ಬೇಡವೆಂದರೇ ಎಂದು ನಾನು ತಡವರಿಸುತ್ತ ಕೇಳಿದೆ.

"ಎರಡ ವರ್ಷ ಆತ್ರಿ ಮಾಸ್ತರ, ಕಣ್ಣ ನಾನ ಬರಿಯೂದು," ಅಂದರು. "ಮಂದಿ ಬಂದ್ರು, ಕೇಳಿದ್ರು. ಬರದದ್ದ ತೋರಿಸಿದ್ನಿ. ಒಯ್ದಾರ. ತೊಟ್ಟಿಲದ ಚಿಂತಿ ನೀವ ಮಾಡಬ್ಯಾಡ್ರಿ. ಅವರಿಗೆ ಆಟ ಒಂದ ಉಳದಿತ್ತು."

ಆ ಕಡೆಯ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ, ಕುಂಚ ತೊಳೆಯುತ್ತ ಹೇಳಿದರು. ಊರಿನವರು ಬಿಟ್ಟುಬಿಡುತ್ತಾರೆ, ಮನೆತನದ ಕೆಲಸ ಮುಳುಗುತ್ತದೆ ಎಂದು ನಾನು ಹೆದರಿದ್ದೆಲ್ಲ ಆಗಲೇ ಇಲ್ಲ. ಅವನಿಗೆ ತನ್ನದೆಂದು ಉಳಿದಿದ್ದ ಆಟವೊಂದನ್ನೇ ನಾನು ಕಿತ್ತುಕೊಂಡಿದ್ದೆ. ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದೆ. ಭಾಭಿ, ಹೇಳಿದವನು ನಾನು, ಅವನು ಬಂದಮೇಲೆ ಹೇಳಿಬಿಡುತ್ತೇನೆ ಎಂದೆ.

ಅವರಿಗೆ ಅದು ಗೊತ್ತೇ ಇತ್ತು. ಗೊತ್ತಿದ್ದವರು ಇಬ್ಬರು, ತಾವು ಹೇಳಿಲ್ಲ ಎಂದಮೇಲೆ ಇನ್ಯಾರು? ಭಾಯಿಯೂ ಅದೇ ಲೆಕ್ಕ ಹಾಕಿದ್ದ, ಆದರೆ ಅವನ ಲೆಕ್ಕ ಬೇರೆ ಕಡೆ ಹೊರಳಿತ್ತು. ತುಟಿ ಒಡೆದುಕೊಂಡು ಬಂದ ದಿನ ಭಾಭಿ, ಸಾಕು ಮಾಡಿರಿ ಎಂದು ಅತ್ತು ಕೈಮುಗಿದಿದ್ದರು. ಮಾಸ್ತರ ಒಂದೂವರೆ ವರ್ಷ ಬಾಯಿ ಬಿಡದವನು, ಇವಳೇ ಹೇಳಿಕಳಿಸಿದ್ದಾಳೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಒಂಬತ್ತು ದಿನದಿಂದ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಅವರು, ನಾನಲ್ಲ ಎಂದಿರಲಿಲ್ಲ.

"ನೀವು ಹೇಳಬ್ಯಾಡ್ರಿ," ಅಂದರು ಭಾಭಿ. "ನನ್ನ ಮ್ಯಾಲ ಸಿಟ್ಟಿದ್ರ ನಡೀತದ, ಊಟಕ್ಕರ ಮನಿಗೆ ಬರತಾರ. ನಿಮ್ಮ ಮ್ಯಾಲ ಸಿಟ್ಟ ಬಂದ್ರ ಆಟದ ಮಾತು ಯಾರ ಜೋಡಿ ಆಡ್ತಾರ?"

ನಾನು ವಾದಿಸಲಿಲ್ಲ. ವಾದಿಸಬೇಕಾಗಿತ್ತು. ಅಷ್ಟರಲ್ಲಿ ಭಾಯಿ ಬಂದ. ಓರೆಗಣ್ಣಿನಿಂದ ನನ್ನನ್ನು ಗುರುತಿಸಿ, ಬಾ ಮಾಸ್ತರ, ಫೈನಲ್ ಹೇಳು, ಮೊದಲಿನಿಂದ ಹೇಳು ಎಂದು ಕೈ ಹಿಡಿದು ಕೂಡಿಸಿಕೊಂಡ. ಭಾಭಿ ಎರಡು ಕಪ್ ಚಹ ತಂದಿಟ್ಟರು. ಅವನು ಅವರ ಕಡೆ ತಿರುಗಲಿಲ್ಲ. ನಾನು ಚಹ ಕುಡಿದೆ, ಫೈನಲ್ ಹೇಳಿದೆ, ಕಂಬ ಹಿಡಿದ ಚೆಂಡಿನ ಮಾತಿಗೆ ಅವನು ತೊಡೆ ತಟ್ಟಿ ನಕ್ಕ.

ಆ ವರ್ಷವೇ ನಾನು ಆಟ ಬಿಟ್ಟೆ. ಮಂಡಿ ನೆಪ ಹೇಳಿದೆ. ವಾರಕ್ಕೆ ಎರಡು ಸಂಜೆ ಅವನ ಪಡಸಾಲೆಯಲ್ಲಿ ಕೂಡುವುದು ಮಾತ್ರ ತಪ್ಪಿಸಲಿಲ್ಲ. ಅವನು ಹೆಂಡತಿಯ ಜೊತೆ ಮತ್ತೆ ಮಾತು ಶುರುಮಾಡಿದ್ದು ಮಳೆಗಾಲ ಕಳೆದ ಮೇಲೆ. ಪತ್ರಿಕೆಯ ಅಕ್ಷರ ಅವನಿಗೆ ಪೂರ್ತಿ ಕಾಣದಾಗಿತ್ತು. ಒಂದು ಬೆಳಿಗ್ಗೆ ಅದನ್ನು ಅವರತ್ತ ಚಾಚಿ, ಆಟದ ಪುಟ ಓದು ಅಂದನಂತೆ. ಅಷ್ಟೇ. ಕ್ಷಮಿಸಿದ್ದೇನೆ ಎಂದು ಅವನು ಅನ್ನಲಿಲ್ಲ, ಈಗಲೂ ಅಂದಿಲ್ಲ. ಸಿಟ್ಟು ಬಂದಾಗ, ನಿನ್ನ ಬಾಯಿ ಸುಮ್ಮನಿದ್ದಿದ್ದರೆ ಇನ್ನೊಂದು ವರ್ಷ ಆಡುತ್ತಿದ್ದೆ ಎಂದು ನನ್ನ ಎದುರಿಗೇ ಅವರಿಗೆ ಹೇಳುತ್ತಾನೆ. ಆಗ ಭಾಭಿ ಒಳಗೆ ಎದ್ದು ಹೋಗುತ್ತಾರೆ. ನಾನು ಚಹದ ಕಪ್ಪಿನೊಳಗೆ ನೋಡುತ್ತೇನೆ. ಇದು ಆರು ವರ್ಷದಿಂದ ನಡೆದಿದೆ.

ಮಾಸ್ತರ ಏನೋ ಬರೆಯುತ್ತಿದ್ದಾನೆ, ಅದರಲ್ಲಿ ನಾನೂ ಇದ್ದೇನೆ ಎಂಬ ಸುದ್ದಿ ಅವನಿಗೆ ಹೇಗೋ ಮುಟ್ಟಿದೆ. ಅಚ್ಚಾದ ಕೂಡಲೇ ತಂದುಕೊಡು, ಇವಳ ಕೈಲಿ ಓದಿಸುತ್ತೇನೆ ಎಂದು ಹೋದಾಗಲೆಲ್ಲ ಪೀಡಿಸುತ್ತಾನೆ. ತಂದುಕೊಡುತ್ತೇನೆ. ಬೇವಿನ ಗಿಡದ ಕೆಳಗೆ ಕ್ಯಾಪ್ಟನ್ನಿಗೆ ನಾನು ಹೇಳಿದ ಮಾತು ಬಂದಾಗ ಓದುವ ದನಿ ತಡೆದು ಪುಟ ಹಾರಿಸುವವರು ನೀವು, ನನಗೆ ಗೊತ್ತು. ಹಾರಿಸಬೇಡಿ ಭಾಭಿ, ಬಿಡದೆ ಓದಿರಿ.